ಒಂದೇ ಮಳೆ, ಎರಡು ಕಡಲು

ಬೆಳಗಾವಿಯ ಕ್ಯಾಂಪಿನಲ್ಲಿ ಬೆಳೆಯುವ ಮಕ್ಕಳಿಗೆ ಮುಂಗಾರು ಮಳೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಆದರೆ ಭೂಗೋಳದ ಪಾಠದಲ್ಲಿ ಬರುವ ‘ಜಲವಿಭಾಜಕ’ವೆಂಬ ಶಬ್ದ ಮಾತ್ರ ಅನೇಕರಿಗೆ ಬಾಯಿಪಾಠವಾಗಿಯೇ ಉಳಿಯುತ್ತದೆ. ಅದನ್ನು ಕಣ್ಣಾರೆ ಕಾಣಲು ನೆರೆಯ ಖಾನಾಪುರ ತಾಲ್ಲೂಕೇ ಸಾಕು.

ಆ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆಯ ಉಗಮ. ಪಡುವಣ ಕಡಲು ಅಲ್ಲಿಗೆ ಬಹು ದೂರವಿಲ್ಲ. ಆದರೂ ಆಕೆ ಮೂಡಣಕ್ಕೆ ತಿರುಗಿ, ಸುಮಾರು 300 ಕಿಲೋಮೀಟರ್ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಬೆರೆತು ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತಾಳೆ. ಅದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯಾದರೋ ಘಟ್ಟವಿಳಿದು, ಗೋವೆಯಲ್ಲಿ ಮಾಂಡವಿಯೆನಿಸಿ, ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಹಂಚಿನ ಮಾಡಿನ ನೆತ್ತಿಯ ಮೇಲೆ ಬಿದ್ದ ಹನಿಗಳು ಎರಡು ಕಡೆಗೆ ಇಳಿಯುವಂತೆ, ಇಲ್ಲಿ ನೀರನ್ನು ಪಾಲು ಮಾಡುವ ಎತ್ತರದ ಏಣೇ ಜಲವಿಭಾಜಕ.

ಮಳೆಯ ಹಂಚಿಕೆಯೂ ಸಮನಾಗಿಲ್ಲ. ಕಡಲಿನಿಂದ ಬರುವ ತೇವದ ಗಾಳಿ ಘಟ್ಟವನ್ನೇರುತ್ತ ತಂಪಾಗಿ ಅಲ್ಲಿಯೇ ಮಳೆಗರೆಯುತ್ತದೆ. ಆಚೆಗೆ ಇಳಿಯುವಾಗ ಅದರಲ್ಲಿ ತೇವ ಉಳಿದಿರುವುದು ಅಲ್ಪ. ಇದೇ ‘ಮಳೆಯ ನೆರಳು’. ಆದುದರಿಂದಲೇ ಖಾನಾಪುರದ ಗದ್ದೆಗಳಲ್ಲಿ ಭತ್ತ, ಸವದತ್ತಿಯ ಎರೆಭೂಮಿಯಲ್ಲಿ ಜೋಳ ಮತ್ತು ಹತ್ತಿ. ಒಂದೇ ಜಿಲ್ಲೆಯಲ್ಲಿ ಊಟದ ಎಲೆಯೂ ಬದಲಾಗುತ್ತದೆ.

ಊರು ನೆಲೆಗೊಳ್ಳುವುದಕ್ಕೂ ಕಾರಣಗಳುಂಟು. 1818ರಲ್ಲಿ ಬೆಳಗಾವಿಯ ಕೋಟೆಯನ್ನು ವಶಪಡಿಸಿಕೊಂಡ ಬ್ರಿಟಿಷರು ಇಲ್ಲಿ ದಂಡು ನಿಲ್ಲಿಸಿದರು. ಸುಮಾರು 750 ಮೀಟರ್ ಎತ್ತರದ ತಂಪು ಹವೆ, ಕೋಟೆಯ ನೆರೆ, ಗೋವೆ ಕೊಂಕಣಗಳ ದಾರಿ ಇವೆಲ್ಲ ಒಂದೆಡೆ ಕೂಡಿದ್ದವು. ನೇರವಾದ ಬೀದಿಗಳ ಕ್ಯಾಂಪ್ ಹೀಗೆ ಬೆಳೆಯಿತು.

ಆದರೆ ಪ್ರಕೃತಿ ಎಳೆದ ಗೆರೆಯನ್ನು ಮನುಷ್ಯ ದಾಟಬಹುದೆ? ಮಹದಾಯಿಯ ಕಡೆಗೆ ಹರಿಯುವ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ಕರ್ನಾಟಕದ ಬೇಡಿಕೆ. ನವಿಲುತೀರ್ಥದ ಜಲಾಶಯ ತುಂಬದ ವರ್ಷಗಳಲ್ಲಿ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಕೊಡಗಳು ಕಾಯುತ್ತವೆ. ನರಗುಂದದ ರೈತರು 2015ರಲ್ಲಿ ಧರಣಿ ಹೂಡಿದುದೂ ಈ ನೀರಿಗಾಗಿಯೇ. ಹೊಳೆ ಬಡವಾದರೆ ಉಪ್ಪುನೀರು ಒಳನುಗ್ಗೀತು, ಕಾಡು ಸೊರಗೀತು ಎಂಬುದು ಗೋವೆಯ ಅಳಲು. ನ್ಯಾಯಮಂಡಳಿಯು 2018ರಲ್ಲಿ ಈ ಎರಡು ಹಳ್ಳಗಳಿಂದ 3.9 ಟಿ.ಎಂ.ಸಿ. ನೀರನ್ನು ತಿರುಗಿಸಲು ಒಪ್ಪಿತು. ವ್ಯಾಜ್ಯ ಅಲ್ಲಿಗೇ ಮುಗಿಯದೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇರಿತು.

ಈ ರಜೆಯಲ್ಲಿ ತಂದೆತಾಯಿಗಳು ಮಕ್ಕಳ ಮುಂದೆ ಜಿಲ್ಲೆಯ ನಕಾಶೆಯನ್ನು ಹರಡಿ, ಎರಡು ಹೊಳೆಗಳ ದಾರಿಯನ್ನು ಬೆರಳಿನಿಂದ ಗುರುತಿಸಲು ಹೇಳಲಿ. ಎರಡು ದಂಡೆಗಳಲ್ಲಿಯೂ ನೀರನ್ನೇ ನಂಬಿ ಬಾಳುವ ಜನರಿದ್ದಾರೆಂಬುದನ್ನು ತಿಳಿದ ಮೇಲೆಯೇ ಈ ಪಾಠ ಪೂರ್ತಿಯಾದಂತೆ.