ಶಾಲೆಗಳಲ್ಲಿ ರೋಬೋಟಿಕ್ಸ್: ದಾನಿಗಳು ಗಮನಿಸಬೇಕಾದ ಲೆಕ್ಕ

2025ರ ಫೆಬ್ರವರಿಯಲ್ಲಿ ಮಂಡನೆಯಾದ ಕೇಂದ್ರ ಮುಂಗಡಪತ್ರವು ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ಸ್ಥಾಪಿಸುವುದಾಗಿ ಪ್ರಕಟಿಸಿತು. ಆರನೆಯ ತರಗತಿಯಿಂದ ಮೇಲಿನ ಮಕ್ಕಳು ರೋಬೋಟಿಕ್ಸ್, ಕೋಡಿಂಗ್ ಮುಂತಾದವುಗಳನ್ನು ಕೈಯಾರೆ ಮಾಡಿ ಕಲಿಯಬೇಕೆಂಬುದು ಇವುಗಳ ಉದ್ದೇಶ. ಇಂತಹ ಯೋಜನೆ ಪ್ರತಿಯೊಂದು ಶಾಲೆಯನ್ನೂ ಮುಟ್ಟಲಾರದು. ಬಿಟ್ಟುಹೋದ ಶಾಲೆಗಳ ಮುಖ್ಯೋಪಾಧ್ಯಾಯರು ಊರಿನ ವರ್ತಕರ ಬಳಿಗೆ ಬರುವುದು ಸಹಜ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವರ್ತಕ ಬಾಂಧವರಿಗೆ ಶಾಲೆಗೆ ಬೆಂಚು, ಬೀರು ಕೊಡಿಸುವುದು ಹೊಸ ವಿಷಯವೇನಲ್ಲ. ಆದರೆ ಬೆಂಚಿನ ಲೆಕ್ಕವೇ ಬೇರೆ, ರೋಬೋಟಿಕ್ಸ್‌ನ ಲೆಕ್ಕವೇ ಬೇರೆ.

ಈ ವಿದ್ಯೆ ನಮ್ಮ ಭಾಗದ ಮಕ್ಕಳಿಗೆ ಅಪರಿಚಿತವೆಂದು ಭಾವಿಸುವುದು ತಪ್ಪಾದೀತು. ತೆಂಗಿನ ತೋಟದ ಕೊಳವೆ ಬಾವಿಗೆ ಅಳವಡಿಸಿರುವ ಆಟೋ ಸ್ಟಾರ್ಟರನ್ನು ನೋಡದ ಮಗು ಇಲ್ಲಿ ವಿರಳ. ಮೂರು ಫೇಸ್ ವಿದ್ಯುತ್ ಬಂದಿದೆಯೇ ಎಂದು ಅದು ಮೊದಲು ಪರೀಕ್ಷಿಸುತ್ತದೆ. ಬಂದಿದ್ದರೆ ಸ್ವಲ್ಪ ಹೊತ್ತು ಕಾದು ಮೋಟಾರನ್ನು ಚಾಲೂ ಮಾಡುತ್ತದೆ. ಒಂದು ಫೇಸ್ ಹೋದರೆ ನಿಲ್ಲಿಸುತ್ತದೆ. ಡ್ರೈ ರನ್ ರಕ್ಷಣೆ ಇದ್ದಲ್ಲಿ ನೀರು ಬತ್ತಿದಾಗಲೂ ನಿಲ್ಲಿಸುತ್ತದೆ. 'ಹೀಗಿದ್ದರೆ ಹೀಗೆ ಮಾಡು, ಇಲ್ಲವಾದರೆ ಹಾಗೆ ಮಾಡು' ಎಂಬ ಈ ತರ್ಕವನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವುದೇ ಕೋಡಿಂಗ್. ಮಣ್ಣಿನ ತೇವಾಂಶ ಅಳೆಯುವ ಸೆನ್ಸಾರ್ ಒಂದನ್ನು, ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಆರ್ಡುಯಿನೋ ಮಾದರಿಯ ಬೋರ್ಡಿಗೆ ಜೋಡಿಸಿ, ಒಣಗಿದಾಗ ದೀಪ ಹತ್ತುವಂತೆ ಮಾಡುವುದು ಏಳನೆಯ ತರಗತಿಯ ವಿದ್ಯಾರ್ಥಿಗೆ ಸಾಧ್ಯವಿರುವ ಕೆಲಸ. ದೀಪದ ಸ್ಥಾನದಲ್ಲಿ ರಿಲೇ ಮತ್ತು ಪುಟ್ಟ ಪಂಪ್ ಇಟ್ಟರೆ ಅದೇ ಒಂದು ಸಣ್ಣ ರೋಬೋಟ್ ಆಗುತ್ತದೆ.

ಮಗ್ಗಿ ಬಾರದ ಮಗುವಿಗೆ ರೋಬೋಟ್ ಏಕೆ ಎಂಬ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೇಶದ ಗ್ರಾಮೀಣ ಭಾಗದಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲರೆಂದು 2024ರ ಅಸರ್ ಸಮೀಕ್ಷೆ ತಿಳಿಸಿದೆ. ಗಣಿತ ಶಿಕ್ಷಕರೇ ಇಲ್ಲದ ಶಾಲೆಗೆ ಮೊದಲು ಗಣಿತ ಶಿಕ್ಷಕರನ್ನು ಒದಗಿಸುವುದೇ ಸರಿ. ಉಳಿದೆಡೆ ಕೋಡಿಂಗ್ ಗಣಿತಕ್ಕೆ ಪೂರಕವಾಗಬಲ್ಲದು. 1967ರಲ್ಲಿ ಅಮೆರಿಕದಲ್ಲಿ ಸೆಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ರೂಪಿಸಿದ ಲೋಗೋ ಭಾಷೆಯಲ್ಲಿ ಆಮೆಯೊಂದನ್ನು ನಡೆಸಿ ಸಮಬಾಹು ತ್ರಿಭುಜ ಬರೆಯಿಸಬೇಕಾದರೆ, ಪ್ರತಿ ಮೂಲೆಯಲ್ಲೂ ಅದನ್ನು 120 ಡಿಗ್ರಿ ತಿರುಗಿಸಬೇಕು. 60 ಎಂದು ಬರೆದ ಮಗು ಆಮೆ ದಾರಿ ತಪ್ಪಿದ್ದನ್ನು ಕಣ್ಣಾರೆ ಕಂಡು, ಹೊರಕೋನವೆಂದರೇನೆಂದು ತಾನೇ ಅರಿಯುತ್ತದೆ. 2007ರಲ್ಲಿ ಬಂದ ಸ್ಕ್ರ್ಯಾಚ್ ಇದೇ ಪರಂಪರೆಯದು. ಅದು ಉಚಿತವಾಗಿಯೇ ದೊರೆಯುತ್ತದೆ.

ಹಾಗಾದರೆ ಖರ್ಚು ಎಲ್ಲಿದೆ? ಸರ್ಕಾರದ ಹಿಂದಿನ ಅನುಭವವನ್ನು ಇಲ್ಲಿ ನೆನೆಯಬೇಕು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದ ಮಾಹಿತಿ ಸಿಂಧು ಯೋಜನೆ 2001ರ ಸುಮಾರಿಗೆ ಆರಂಭವಾಯಿತು. ಅನಂತರ ಐಸಿಟಿ ಯೋಜನೆ ಬಂದಿತು. ಬೋಧಕರು ಮತ್ತು ನಿರ್ವಹಣೆ ಗುತ್ತಿಗೆಯ ಅವಧಿಗೆ ಸೀಮಿತವಾಗಿದ್ದರೆ, ಅವಧಿ ಮುಗಿದ ಮೇಲೆ ಉಳಿಯುವುದು ಬಟ್ಟೆ ಹೊದಿಸಿದ ಯಂತ್ರಗಳು ಮಾತ್ರ. ಆದಾಯ ತೆರಿಗೆ ನಿಯಮಗಳು ಕಂಪ್ಯೂಟರಿಗೆ ಶೇ. 40ರ ಸವಕಳಿ ನೀಡುತ್ತವೆ. 10 ಲಕ್ಷ ರೂಪಾಯಿಯ ಕಂಪ್ಯೂಟರುಗಳ ಪುಸ್ತಕ ಮೌಲ್ಯ ಈ ದರದಲ್ಲಿ ಐದು ವರ್ಷಗಳ ಕೊನೆಗೆ 77,760 ರೂ.ಗೆ ಇಳಿಯುತ್ತದೆ. ಬೀಗ ಹಾಕಿದ ಕೋಣೆಯಲ್ಲಿಟ್ಟರೂ ಸವಕಳಿ ನಿಲ್ಲುವುದಿಲ್ಲ.

ವ್ಯಾಪಾರದಲ್ಲಿ ಬಂಡವಾಳ ವೆಚ್ಚ, ಚಾಲ್ತಿ ವೆಚ್ಚ ಎಂಬ ಭೇದವನ್ನು ಪ್ರತಿಯೊಬ್ಬ ವರ್ತಕರೂ ಬಲ್ಲರು. ಗಾಣದ ಯಂತ್ರ ಕೊಂಡು, ನಡೆಸುವ ಆಳಿಗೆ ಸಂಬಳ ಎತ್ತಿಡದವರು ಯಾರೂ ಇರಲಾರರು. ದಾನ ಕೊಡುವಾಗ ಮಾತ್ರ ಈ ವಿವೇಕ ಮರೆಯಾಗುತ್ತದೆ. ಫ್ಯಾನಿನ ರೆಕ್ಕೆಯ ಮೇಲೆ, ಗೋಡೆ ಗಡಿಯಾರದ ಮುಖದ ಮೇಲೆ ದಾನಿಯ ಹೆಸರು ಬರೆಸಬಹುದು. ಬೋಧಕರ ಸಂಬಳದ ಮೇಲೆ ಬರೆಸಲಾಗದು. ಅಟಲ್ ಟಿಂಕರಿಂಗ್ ಯೋಜನೆಯ ಮೂಲ ಅನುದಾನವಾದ 20 ಲಕ್ಷ ರೂ.ಗಳಲ್ಲಿ 10 ಲಕ್ಷ ಸ್ಥಾಪನೆಗೂ, ಉಳಿದ 10 ಲಕ್ಷ ಐದು ವರ್ಷಗಳವರೆಗಿನ ನಿರ್ವಹಣೆಗೂ ಮೀಸಲಾಗಿರುವುದನ್ನು ದಾನಿಗಳು ಗಮನಿಸಬೇಕು.

ತೆರಿಗೆಯ ದೃಷ್ಟಿಯಿಂದಲೂ ವಸ್ತು ರೂಪದ ದಾನ ಲಾಭಕರವಲ್ಲ. 80ಜಿ ಎಂದು ವರ್ತಕರಿಗೆ ಪರಿಚಿತವಾದ ಕಡಿತವು ಹಣದ ದೇಣಿಗೆಗೆ ಮಾತ್ರ ದೊರೆಯುತ್ತದೆ; ಅದರಲ್ಲಿಯೂ ನಗದಾದರೆ 2,000 ರೂ. ಮೀರುವಂತಿಲ್ಲ, ಪಡೆಯುವ ಸಂಸ್ಥೆಗೆ ಮಾನ್ಯತೆಯೂ ಇರಬೇಕು. ಹೊಸ ತೆರಿಗೆ ಪದ್ಧತಿಗೆ ಸೇರಿದವರಿಗೆ ಈ ಕಡಿತವೇ ಇಲ್ಲ. ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ಶೇ. 2ರ ನಿಯಮ ದೊಡ್ಡ ಕಂಪನಿಗಳಿಗೆ ಸಂಬಂಧಿಸಿದ್ದು. ಪಾಲುದಾರಿಕೆ ಸಂಸ್ಥೆಗಳಿಗೂ ಒಡೆತನದ ಅಂಗಡಿಗಳಿಗೂ ಅನ್ವಯಿಸದು.

ಒಂದು ಅಂದಾಜು ಹೀಗಿರಬಹುದು. ಸಮೀಪದ ಮೂರು ಹಿರಿಯ ಪ್ರಾಥಮಿಕ ಶಾಲೆಗಳಿಗೆ ಸರದಿಯಂತೆ ಹೋಗುವ ಒಬ್ಬ ಅರೆಕಾಲಿಕ ಬೋಧಕರಿಗೆ ತಿಂಗಳಿಗೆ 12,000 ರೂ.ನಂತೆ ಹತ್ತು ತಿಂಗಳಿಗೆ 1,20,000 ರೂ., ಬಿಡಿಭಾಗ ಮತ್ತು ದುರಸ್ತಿಗೆ 30,000 ರೂ., ಒಟ್ಟು 1,50,000 ರೂ. ಮೂವತ್ತು ವರ್ತಕರು ಸೇರಿದರೆ ತಲಾ 5,000 ರೂ. ಉಂಡೆ ಕೊಬ್ಬರಿಗೆ 2025ರ ಹಂಗಾಮಿನ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂ. ಇತ್ತು; ಆ ಲೆಕ್ಕದಲ್ಲಿಯೂ ಇದು ಅರ್ಧ ಕ್ವಿಂಟಲಿನ ಬೆಲೆಗಿಂತ ಕಡಿಮೆ. ಬೋಧಕರಿಗಾಗಿ ಬೆಂಗಳೂರಿನ ಕಡೆ ನೋಡಬೇಕಾಗಿಲ್ಲ. ತಿಪಟೂರಿನಲ್ಲಿಯೇ ಕಲ್ಪತರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಐಟಿಐ, ಡಿಪ್ಲೊಮಾ ಮುಗಿಸಿ ಊರಿನಲ್ಲಿಯೇ ನೆಲೆಸಿರುವ ಯುವಕ ಯುವತಿಯರೂ ಇದ್ದಾರೆ. ಕನ್ನಡದಲ್ಲಿ ವಿವರಿಸಬಲ್ಲವರಾಗಿರಬೇಕೆಂಬುದನ್ನು ಮಾತ್ರ ಸಡಿಲಿಸಬಾರದು.

ಇದರಿಂದ ವರ್ತಕರಿಗೇನು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅದಕ್ಕಿಂತ ಹತ್ತಿರದ ಮಾತೆಂದರೆ, ನಾರಿನ ಘಟಕದಲ್ಲಿಯೋ ತೆಂಗಿನ ಪುಡಿಯ ಕಾರ್ಖಾನೆಯಲ್ಲಿಯೋ ಕಂಟ್ರೋಲ್ ಪ್ಯಾನೆಲ್ ಕೆಟ್ಟು, ಹೊರ ಊರಿನ ತಂತ್ರಜ್ಞರಿಗಾಗಿ ಕಾಯುತ್ತ ಕುಳಿತ ದಿನದ ನಷ್ಟವನ್ನು ಬಲ್ಲ ಉದ್ಯಮಿಗಳು ಈ ಪತ್ರಿಕೆಯ ಓದುಗರಲ್ಲಿಯೇ ಇರಬಹುದು. ಇಂದು ಏಳನೆಯ ತರಗತಿಯಲ್ಲಿರುವವರು ಎಂಟು ಹತ್ತು ವರ್ಷಗಳಲ್ಲಿ ಆ ಕೆಲಸಕ್ಕೆ ಬರುವ ವಯಸ್ಸಿನವರಾಗುತ್ತಾರೆ.

ಹಣ ಕೊಡುವವರು ಲೆಕ್ಕ ಕೇಳಲು ಸಂಕೋಚಪಡಬೇಕಾಗಿಲ್ಲ. ದೇಣಿಗೆಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಬ್ಯಾಂಕ್ ಖಾತೆಗೆ ಚೆಕ್ಕಿನ ಮೂಲಕ ನೀಡಿ, ಬೋಧಕರ ಹಾಜರಿ ಮತ್ತು ಬಿಡಿಭಾಗಗಳ ದಾಸ್ತಾನು ಪುಸ್ತಕವನ್ನು ಮೂರು ತಿಂಗಳಿಗೊಮ್ಮೆ ನೋಡಬೇಕು. ವರ್ಷವಿಡೀ ಒಂದು ಸೆನ್ಸಾರೂ ಸುಟ್ಟಿಲ್ಲ, ಒಂದು ತಂತಿಯೂ ತುಂಡಾಗಿಲ್ಲ ಎಂದು ದಾಸ್ತಾನು ಪುಸ್ತಕ ಹೇಳಿದರೆ, ಪೆಟ್ಟಿಗೆಯನ್ನೇ ತೆರೆದಿಲ್ಲವೆಂದು ಶಂಕಿಸಲು ಅವಕಾಶವಿದೆ. ಕನಿಷ್ಠ ಮೂರು ವರ್ಷಗಳ ವಾಗ್ದಾನವಿಲ್ಲದೆ ಉಪಕರಣ ಖರೀದಿಗೆ ಕೈಹಾಕಬಾರದು. ಶಾಲೆಗಳು ಮೇ ತಿಂಗಳ ಕೊನೆಯಲ್ಲಿ ಪುನರಾರಂಭವಾಗುವುದರಿಂದ, ಬೋಧಕರ ಆಯ್ಕೆ ಏಪ್ರಿಲ್ ಒಳಗಾಗಿ ಮುಗಿದಿರಬೇಕು. ಪೆಟ್ಟಿಗೆಗಳನ್ನು ಜೂನಿನಲ್ಲಿ ಕೊಂಡರೂ ನಡೆಯುತ್ತದೆ.