ದಿವಾಳಿ ಅರ್ಜಿ ಅಧರ್ಮವೇ?

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ನಮ್ಮ ಸಮಾಜದಲ್ಲಿ ಒಂದು ಮಾತು ಬೇರೂರಿದೆ: ಸಾಲ ತೀರಿಸಲಾಗದೆ ನ್ಯಾಯಾಲಯದ ಮೆಟ್ಟಿಲೇರಿದವನು ಮಾನಗೇಡಿ, ಸಾಲದ ಮೇಲೆ ಸಾಲ ಮಾಡಿ ತಲೆಯೆತ್ತಿ ನಡೆಯುವವನು ಮರ್ಯಾದಸ್ಥ. ಈ ಮಾತು ಜಿನಧರ್ಮಕ್ಕೆ ಸಮ್ಮತವಾದುದಲ್ಲ.

ಮೊದಲು ಕಾನೂನನ್ನು ನೋಡೋಣ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು, ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಹೊರತು ಉಳಿದವರಿಗೆ ಜಾರಿಗೆ ಬಂದಿಲ್ಲ. ಆದುದರಿಂದ ನಮ್ಮ ರೈತನಿಗೂ ಅಂಗಡಿಕಾರನಿಗೂ 1920ರ ಪ್ರಾಂತೀಯ ದಿವಾಳಿ ಅಧಿನಿಯಮವೇ ದಾರಿ. ಸಾಲವು 500 ರೂಪಾಯಿಗೆ ಕಡಿಮೆಯಿಲ್ಲದೆ, ತೀರಿಸುವ ಶಕ್ತಿಯೂ ಇಲ್ಲದಾಗ, ಸಾಲಗಾರನೇ ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ಆ ಅಧಿಕಾರ ಪಡೆದ ಕೆಳ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಾಸಸ್ಥಳ, ಮೊತ್ತ ಹಾಗೂ ತನ್ನ ಸಮಸ್ತ ಆಸ್ತಿಯ ವಿವರವನ್ನು ಅದರಲ್ಲಿ ಕಾಣಿಸಬೇಕು. ದಿವಾಳಿಯೆಂದು ಆದೇಶವಾದೊಡನೆ ಆಸ್ತಿಯು ನ್ಯಾಯಾಲಯದ ಇಲ್ಲವೆ ರಿಸೀವರರ ವಶವಾಗಿ ಸಾಲ ಕೊಟ್ಟವರಿಗೆ ಹಂಚಿಕೆಯಾಗುತ್ತದೆ. ಜಪ್ತಿಗೆ ಒಳಪಡದ ಬೇಸಾಯದ ಉಪಕರಣ, ಅಗತ್ಯದ ಎತ್ತು, ಬೀಜದ ಕಾಳು, ರೈತನು ವಾಸಿಸುವ ಮನೆ ಉಳಿಯುತ್ತವೆ. ಆದರೆ ಒತ್ತೆಯಿಟ್ಟ ಆಸ್ತಿಯ ಮೇಲೆ ಬ್ಯಾಂಕಿನ ಹಕ್ಕು ಅಳಿಯುವುದಿಲ್ಲ.

“ಇದು ಸಾಲ ಮುಳುಗಿಸುವ ಉಪಾಯವಷ್ಟೆ” ಎನ್ನುವವರುಂಟು. ಋಣಬಿಡುಗಡೆಯನ್ನು ಕೊಡುವುದೂ ನಿರಾಕರಿಸುವುದೂ ನ್ಯಾಯಾಲಯಕ್ಕೆ ಸೇರಿದ್ದು. ವಂಚನೆಯಿಂದ ಮಾಡಿದ ಸಾಲಕ್ಕೆ ಬಿಡುಗಡೆಯೇ ಇಲ್ಲ. ವಂಚಿಸುವ ಉದ್ದೇಶದಿಂದ ಆಸ್ತಿ ಬಚ್ಚಿಟ್ಟವನಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು. ಮುಳುಗಿಸುವವನು ಈ ಬಾಗಿಲಿಗೆ ಬರುವನೇ?

ಗುರುಗಳ ಮುಂದೆ ಮಾಡುವ ಆಲೋಚನೆಗೆ ಶಾಸ್ತ್ರಕಾರರು ಹತ್ತು ದೋಷಗಳನ್ನು ಹೇಳಿದ್ದಾರೆ. ಅನ್ಯರು ಕಂಡ ತಪ್ಪನ್ನಷ್ಟೇ ಹೇಳುವುದು ಒಂದು. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಇನ್ನೊಂದು. ಬ್ಯಾಂಕಿನ ಸಾಲವನ್ನು ಒಪ್ಪಿ ಕೈಗಡವನ್ನು ಮರೆಮಾಚುವ ಗೃಹಸ್ಥನದೂ ಅದೇ ದೋಷ. ಪ್ರಾಮಾಣಿಕವಾದ ಅರ್ಜಿಯು ಆ ದೋಷವನ್ನು ಕಳೆಯುತ್ತದೆ.

ಶಿಗ್ಗಾಂವ ತಾಲೂಕಿನ ಬಂಕಾಪುರವು ಗಂಗರಸ ಮಾರಸಿಂಹನು ರಾಜ್ಯವನ್ನು ತೊರೆದು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡ ಕ್ಷೇತ್ರ. ಅರಸನಿಗೆ ರಾಜ್ಯವನ್ನೇ ಇಳಿಸುವುದು ಅವಮಾನವಾಗಲಿಲ್ಲ. ನಮಗೆ ವಹಿಯನ್ನು ತೆರೆದಿಡುವುದು ಅವಮಾನವೇ? ಸಾಲಕ್ಕಂಜಿ ಪ್ರಾಣ ಕಳೆದುಕೊಳ್ಳುವುದಾದರೋ ಸಲ್ಲೇಖನವಲ್ಲ, ಕಷಾಯವಶನಾಗಿ ಮಾಡಿಕೊಳ್ಳುವ ಹಿಂಸೆ. ನಮ್ಮ ಹಂಗಿಸುವ ನಾಲಗೆಗೆ ಆ ಹಿಂಸೆಯಲ್ಲಿ ಪಾಲಿಲ್ಲವೆನ್ನಲಾದೀತೇ?

ಬಸದಿಗಳ ವಿಶ್ವಸ್ಥರಿಗೂ ಒಂದು ಮಾತು. ಅಭಿಷೇಕದ ಸವಾಲಿನಲ್ಲಿ ಸಾಲಗಾರನು ಕೂಗಿದ ಮೊತ್ತಕ್ಕೆ ನಾವು ಜಯಕಾರ ಹಾಕುತ್ತೇವೆ. ಅದು ಯಾರ ಹಣ? ದಾನ ಮಾಡಿದ ಎರಡು ವರ್ಷದೊಳಗೆ ದಾನಿಯ ಬಗ್ಗೆ ದಿವಾಳಿ ಅರ್ಜಿ ಸಲ್ಲಿಕೆಯಾಗಿ ಆದೇಶವಾದರೆ, ಆ ದಾನವನ್ನು ನ್ಯಾಯಾಲಯ ರದ್ದುಪಡಿಸಬಹುದು. ಕಾನೂನು ಹೇಳುವುದಕ್ಕೆ ಮೊದಲೇ ಅಚೌರ್ಯವ್ರತವು ಇದನ್ನು ನಮಗೆ ಹೇಳಬೇಕಿತ್ತು.

ಆದುದರಿಂದ ಟ್ರಸ್ಟುಗಳು ಸಾಲದಲ್ಲಿ ಮುಳುಗಿದವನಿಂದ ಸವಾಲಿನ ಹಣ ಪಡೆಯುವುದನ್ನು ನಿಲ್ಲಿಸಲಿ; ಅವನಿಗೆ ಒಬ್ಬ ವಕೀಲರನ್ನು ಗೊತ್ತುಮಾಡಿಕೊಡಲಿ; ಅರ್ಜಿ ಸಲ್ಲಿಸಿ ಬಂದವನಿಗೆ ಪೂಜೆಯ ಪಂಕ್ತಿಯಲ್ಲಿ ಮೊದಲಿನ ಸ್ಥಾನವನ್ನೇ ಕೊಡಲಿ. ಸಾಧರ್ಮಿ ವಾತ್ಸಲ್ಯವೆಂದರೆ ಇದೇ.