ನಾಲ್ಕನೇ ಸ್ಥಾನ ಎಂಬ ಹುಸಿ ಹೆಮ್ಮೆ

ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿ ಕನ್ನಡಕ್ಕೆ ನಾಲ್ಕನೇ ಸ್ಥಾನ ಎಂದು ಬೀಗುವ ಸಂದೇಶ ಪ್ರತಿ ನವೆಂಬರಿನಲ್ಲೂ ನನಗೆ ಬರುತ್ತದೆ. ಅದು ಸ್ಥಾನವಲ್ಲ, ಬರೀ ಇಂಗ್ಲಿಷ್ ಅಕ್ಷರಕ್ರಮ. ಅಸ್ಸಾಮಿ, ಬಂಗಾಳಿ, ಗುಜರಾತಿ ಆದಮೇಲೆ ಕನ್ನಡ.

ನಾನಿರುವ ನಾಗಪುರದಲ್ಲಿ ಜರೀಪಟ್ಕಾ ಎಂಬ ಬಡಾವಣೆಯಿದೆ. ದೇಶವಿಭಜನೆಯಲ್ಲಿ ಊರು ಕಳೆದುಕೊಂಡು ಬಂದ ಸಿಂಧಿಗಳು ನೆಲೆನಿಂತ ಜಾಗ. ಅಲ್ಲಿನ ಅಂಗಡಿಯವರು ದಿನವಿಡೀ ಎಣಿಸುವ ನೋಟಿನಲ್ಲಿ ಅವರ ಭಾಷೆಯಿಲ್ಲ. ಸಿಂಧಿ ಎಂಟನೇ ಪರಿಚ್ಛೇದ ಸೇರಿದ್ದು 1967ರಲ್ಲಿ. 1992ರಲ್ಲಿ ಸೇರಿದ ಕೊಂಕಣಿ, ನೇಪಾಳಿ ನೋಟಿನಲ್ಲಿವೆ. ಜೊತೆಗೇ ಸೇರಿದ ಮಣಿಪುರಿ ಇಲ್ಲ. 2003ರ ತಿದ್ದುಪಡಿಯಲ್ಲಿ ಬಂದ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿಯೂ ಇಲ್ಲ.

ಸಿಂಧಿಗೆ ಎರಡು ಲಿಪಿ, ಯಾವುದನ್ನು ಅಚ್ಚುಹಾಕುವುದು ಎಂದು ಕೇಳುತ್ತಾರೆ. ಕೊಂಕಣಿಯನ್ನು ನಮ್ಮ ಕರಾವಳಿಯಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ನೋಟಿನಲ್ಲಿರುವುದು ದೇವನಾಗರಿ. ಒಂದನ್ನು ಆರಿಸಿದರು, ಅಷ್ಟೆ. ಜಾಗವಿಲ್ಲ ಎನ್ನುತ್ತಾರೆ. 2016ರಲ್ಲಿ ನೋಟಿನ ಅಳತೆ, ವಿನ್ಯಾಸ ಬದಲಾದಾಗ ಸ್ವಚ್ಛ ಭಾರತದ ಲಾಂಛನಕ್ಕೂ ಘೋಷಣೆಗೂ ದೇವನಾಗರಿ ಅಂಕಿಗೂ ಜಾಗ ಸಿಕ್ಕಿತಲ್ಲ?

ಐನೂರರ ನೋಟು ಅಸಲಿಯೇ ಎಂದು ತಿಳಿಯಲು ನಾವು ವಾಟರ್‌ಮಾರ್ಕ್ ನೋಡುತ್ತೇವೆ, ಓರೆ ಮಾಡಿದರೆ ಹಸಿರಿನಿಂದ ನೀಲಿಗೆ ತಿರುಗುವ ದಾರ ನೋಡುತ್ತೇವೆ. ಭಾಷಾಪಟ್ಟಿಯನ್ನು ಯಾರೂ ನೋಡುವುದಿಲ್ಲ. ಅದಿರುವುದು ಒಂದೇ ಮಾತು ಹೇಳಲು: ಈ ದೇಶ ನಿಮ್ಮದೂ ಹೌದು. ಆರು ಭಾಷೆಯವರಿಗೆ ಆ ಮಾತನ್ನು ಇನ್ನೂ ಹೇಳಿಲ್ಲ.

ಹಿಂದಿ ಹೇರಿಕೆಯೆಂದರೆ ಸಿಡಿದೇಳುವ ನಾವು ಇದಕ್ಕೆ ಸುಮ್ಮನಿದ್ದರೆ, ನಮ್ಮದು ಭಾಷಾಪ್ರೀತಿಯಲ್ಲ, ಸೀಟು ಸಿಕ್ಕವರ ನೆಮ್ಮದಿ. ಮುಂದಿನ ನವೆಂಬರಿನ ಸಂದೇಶದಲ್ಲಿ ಆ ಆರು ಹೆಸರುಗಳನ್ನೂ ಬರೆಯಿರಿ.